ಅಡ್ಡಿಯಮ್ಮನ ಹನ್ನೊಂದು ದಿನ

ನಮ್ಮ ಆಫೀಸಿನಲ್ಲಿ ಒಂದು ಇಂಗ್ಲಿಷ್ ಪದ ಹನ್ನೊಂದು ದಿನ ಮುಂದಕ್ಕೆ ಹೋಗದೆ ನಿಂತಿತ್ತು. ನಿಲ್ಲಿಸಿದವಳು ನಾನು.

ಯಾವ ಪದ ಅಂತ ಹೇಳಿದರೆ ನಗುತ್ತೀರಿ. ಹಿಂಡರ್. ಅಡ್ಡಿಯಾಗು, ಅಡಚಣೆ ಮಾಡು, ಅಡ್ಡಗಾಲು ಹಾಕು. ಎಲ್ಲ ಬಿಟ್ಟು ಆ ಪದಕ್ಕೇ ಅಡ್ಡಗಾಲು ಹಾಕಿ ಕೂತಿದ್ದೆ. ಇದನ್ನು ಡೈರಿಯಲ್ಲಿ ಬರೆದುಕೊಂಡಾಗ ನನಗೆ ನಗು ಬಂದಿರಲಿಲ್ಲ. ಈಗ ಬರುತ್ತದೆ.

ನಮ್ಮದು ನಿಘಂಟು ಮಾಡುವ ಆಫೀಸು. ಎರಡನೇ ಮಹಡಿಯಲ್ಲಿ ನಾಲ್ಕು ಕೋಣೆ, ಗೋಡೆ ತುಂಬ ಮರದ ಡಬ್ಬಿಗಳು, ಒಂದೊಂದು ಪದಕ್ಕೂ ಒಂದೊಂದು ಡಬ್ಬಿ. ಇಂಗ್ಲಿಷ್ ಪದ, ಅದಕ್ಕೆ ನಮ್ಮ ಭಾಷೆಯ ಅರ್ಥ, ಕೆಳಗೆ ಬಳಕೆ ತೋರಿಸುವ ವಾಕ್ಯ. ವಾಕ್ಯ ಬರೆಯುವವರು ಒಬ್ಬರು, ಅದರಲ್ಲಿ ಹುಳುಕು ಹುಡುಕುವವರು ಇನ್ನೊಬ್ಬರು. ಬರೆಯುವವರು ಹಳದಿ ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ಹುಡುಕುವವರಿಗೆ ತಪ್ಪು ಕಂಡರೆ ಗುಲಾಬಿ ಚೀಟಿಯಲ್ಲಿ ಆಕ್ಷೇಪ ಬರೆದು, ಗುಂಡುಪಿನ್ನು ಚುಚ್ಚಿ ವಾಪಸು ಕಳಿಸುತ್ತಾರೆ. ಆಕ್ಷೇಪಗಳೆಲ್ಲ ತೀರಿದ ಮೇಲೆ ಕಾರ್ಡಿನ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ 'ಅಡ್ಡಿಯಿಲ್ಲ' ಎಂದು ಬರೆಯಬೇಕು. ಆಮೇಲೆ ಪ್ರೂಫು, ಆಮೇಲೆ ಅಚ್ಚು.

ಹುಳುಕು ಹುಡುಕುವ ಕೆಲಸ ನನ್ನದು.

ಡಿಗ್ರಿ ಮುಗಿಸಿ ಇಂಟರ್ವ್ಯೂಗೆ ಬಂದ ದಿನ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ದೊಡ್ಡ ಸರ್, ಅಂದರೆ ನಮ್ಮ ಸಂಪಾದಕರು, ಸ್ವಲ್ಪ ಹೊತ್ತು ನೋಡಿದರು. ಒಂದು ಕಾರ್ಡು ಕೊಟ್ಟು, "ಮಾತಾಡೋದು ಬೇಡ ಬಿಡು ಮಗೂ. ಇದರಲ್ಲಿ ತಪ್ಪಿದ್ರೆ ಬರಿ" ಅಂದರು. ನಾನು ಒಂಬತ್ತು ತಪ್ಪು ಬರೆದೆ. ಕಾರ್ಡು ಅವರೇ ಬರೆದದ್ದಂತೆ. ಕೆಲಸ ಸಿಕ್ಕಿತು. ಜೊತೆಗೆ ಹೆಸರೂ ಸಿಕ್ಕಿತು: ಅಡ್ಡಿಯಮ್ಮ.

ಬಾಯಿ ಬಿಡದೆ ದಿನವಿಡೀ ಜಗಳವಾಡಬಹುದಾದ ಕೆಲಸ. ನನಗೆಂದೇ ಮಾಡಿಸಿದ ಹಾಗಿತ್ತು.

ವಾಕ್ಯ ಬರೆಯುವವರನ್ನು ಎಲ್ಲರೂ 'ಉದಾಹರಣೆ' ಎಂದೇ ಕರೆಯುತ್ತಾರೆ. ಅವರ ಮೇಜು ನನ್ನ ಮೇಜಿನಿಂದ ಹನ್ನೆರಡು ಹೆಜ್ಜೆ. ಎಣಿಸಿದ್ದೇನೆ. ನಡೆದು ನೋಡಿದ್ದು ಮಾತ್ರ ಎರಡೋ ಮೂರೋ ಸಲ. ಉದ್ದನೆಯ ಮನುಷ್ಯ, ಯೋಚಿಸುವಾಗ ಪೆನ್ನಿನ ಮುಚ್ಚಳವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ, ಆಮೇಲೆ ಮೇಜಿನ ಮೇಲೆಲ್ಲ ಹುಡುಕುತ್ತಾರೆ. ಕಿವಿಯ ಹಿಂದಿದೆ ಎಂದು ಹೇಳಲು ನನಗೆ ಹದಿನಾಲ್ಕು ತಿಂಗಳಲ್ಲಿ ಧೈರ್ಯ ಬಂದಿರಲಿಲ್ಲ. ಒಮ್ಮೆ ಗುಲಾಬಿ ಚೀಟಿಯಲ್ಲಿ ಬರೆದು ಕಳಿಸಿದ್ದೆ: 'ಮುಚ್ಚಳ ಎಡಗಿವಿಯ ಹಿಂದಿದೆ.' ಅವರು ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದರು. ನಾನು ಡಬ್ಬಿಯೊಳಗೆ ಮುಖ ಹಾಕಿ ಏನನ್ನೋ ಹುಡುಕಿದೆ.

ನಮ್ಮ ಮಾತೆಲ್ಲ ಪಿನ್ನಿನ ತುದಿಯಲ್ಲೇ.

'ಲೇಟ್' ಎಂಬ ಪದಕ್ಕೆ ಅವರು ಬರೆದರು: ಅವಳು ತಡವಾಗಿ ಬಂದಳು.

ನಾನು ಪಿನ್ನು ಚುಚ್ಚಿದೆ: 'ಯಾರಾದರೂ ಕಾಯುತ್ತಿದ್ದರೆ ತಾನೆ ತಡ? ಕಾಯುವವರು ಈ ವಾಕ್ಯದಲ್ಲಿ ಎಲ್ಲಿದ್ದಾರೆ?'

ಕಾರ್ಡು ವಾಪಸು ಬಂತು. ಅಡಿಯಲ್ಲಿ ಸಣ್ಣ ಅಕ್ಷರ: 'ಇದ್ದಾರೆ. ಕಾರ್ಡು ಬರೆದವರೇ.'

ಆ ದಿನ ಹಸಿರು ಶಾಯಿಯಲ್ಲಿ 'ಅಡ್ಡಿಯಿಲ್ಲ' ಬರೆಯುವಾಗ 'ಡ್ಡಿ'ಯ ಗುಡಿಸು ಅಲುಗಿ ಹೋಯಿತು.

ಗೋಡೆಯ ಮೇಲೆ ದೊಡ್ಡ ಸರ್ ಕೈಬರಹದಲ್ಲಿ ಏಳು ನಿಯಮಗಳಿವೆ. ಒಂದನೆಯದು, ಯಾರೂ ಆಡದ ಮಾತನ್ನು ಬರೆಯಬಾರದು. ನಾಲ್ಕನೆಯದು, ವಾಕ್ಯದ ಹತ್ತಿರ ಟೀ ಇಡಬಾರದು. ಆರನೆಯದು, ಬರೆಯುವವರೂ ಆಕ್ಷೇಪಿಸುವವರೂ ಒಂದೇ ಮನೆಯವರಾಗಿರಕೂಡದು. ಈ ಆರನೆಯದನ್ನು ಓದಿ ನಮ್ಮ ಪ್ರೂಫ್ ಅಮ್ಮ ದಿನಕ್ಕೊಮ್ಮೆ ಮೂಗು ಮುರಿಯುತ್ತಾರೆ. ಅವರು ದೊಡ್ಡ ಸರ್ ಹೆಂಡತಿ. ಅರವತ್ತು ದಾಟಿದವರು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಓದುವವರು.

"ನೋಡಮ್ಮ, ಊರವರ ಪುಟ ಎಲ್ಲ ನಾನು ತಿದ್ದಬಹುದಂತೆ. ಇವರದ್ದು ಮಾತ್ರ ಮುಟ್ಟಕೂಡದಂತೆ."

"ಮನೆಯವರ ತಪ್ಪು ಮನೆಯವರ ಕಣ್ಣಿಗೆ ಕಾಣಲ್ಲ," ಎಂದು ಒಳಗಿನಿಂದ ದೊಡ್ಡ ಸರ್ ದನಿ.

"ಯಾಕೆ ಕಾಣಲ್ಲ? ನಂಗೆ ನಿಮ್ಮದು ಅದೊಂದೇ ಕಾಣೋದು!"

"ಅದಕ್ಕೇ ಕಣೇ ನಿಯಮ ಮಾಡಿದ್ದು."

ಎಲ್ಲರೂ ನಗುತ್ತಿದ್ದೆವು. ಆರನೇ ನಿಯಮ ನನಗೆ ಆಗ ಬರೀ ನಗೆಚಾಟಿಕೆ.

ಹೋದ ತಿಂಗಳು ಅವಳು ಬಂದಳು.

ಈ ಸಲದ ನಿಘಂಟು ಫೋನಿನಲ್ಲೂ ಬರುತ್ತದೆ. ವಾಕ್ಯದ ಮೇಲೆ ಬೆರಳಿಟ್ಟರೆ ಅದನ್ನು ಯಾರೋ ಓದಿ ಹೇಳಬೇಕು. ಅದಕ್ಕೆ ಒಬ್ಬಳನ್ನು ಗೊತ್ತು ಮಾಡಿದರು. ಕೊನೆಯ ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ, ಮೈಕು ಇಟ್ಟು, ಗಾಜಿನ ಕಿಟಕಿ ಹಾಕಿ ಸ್ಟುಡಿಯೋ ಮಾಡಿದರು. ದನಿ ಕೊಡುವ ಆ ಹುಡುಗಿಗೆ ನಾನು ಡೈರಿಯಲ್ಲಿ ಇಟ್ಟ ಹೆಸರು ಗಿಲಕಿ. ಕೈತುಂಬ ಬಳೆ, ಬಾಯಿತುಂಬ ನಗು. ಮೆಟ್ಟಿಲು ಹತ್ತುವಾಗಲೇ ಸದ್ದು.

ಬಳೆಯ ಸದ್ದು ಮೈಕಿಗೆ ಬೀಳಬಾರದಲ್ಲ. ಒಳಗೆ ಹೋಗುವ ಮುಂಚೆ ಒಂದೊಂದಾಗಿ ಕಳಚುತ್ತಿದ್ದಳು. ಕಳಚಿ ಎಲ್ಲಿಡುತ್ತಿದ್ದಳು ಗೊತ್ತೇ? ಉದಾಹರಣೆಯವರ ಮೇಜಿನ ಮೇಲೆ.

ಮೊದಲ ದಿನ ಎಲ್ಲೋ ಜಾಗ ಸಿಗಲಿಲ್ಲವೇನೋ ಅಂದುಕೊಂಡೆ. ಎರಡನೇ ದಿನವೂ ಅಲ್ಲೇ. ಮೂರನೇ ದಿನ ಅವರು ಅವಳು ಬರುವ ಹೊತ್ತಿಗೆ ತಾವೇ ಪೆನ್ನಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ನಾನು ಹದಿನಾಲ್ಕು ತಿಂಗಳಲ್ಲಿ ಆ ಮೇಜಿನ ಮೇಲೆ ಕಾರ್ಡು ಬಿಟ್ಟರೆ ಬೇರೇನೂ ಇಟ್ಟವಳಲ್ಲ. ಎಂಟು ಬಳೆ. ಆರು ಹಸಿರು, ಎರಡು ಕೆಂಪು. ಕೆಂಪಿನವುಗಳಲ್ಲಿ ಒಂದು ಸ್ವಲ್ಪ ಬಿರುಕು ಬಿಟ್ಟಿದೆ. ಹನ್ನೆರಡು ಹೆಜ್ಜೆ ದೂರದಿಂದ ನನಗೆ ಇಷ್ಟೆಲ್ಲ ಕಾಣುತ್ತಿತ್ತು.

"ಏನ್ ಗುರೂ, ಇವತ್ತು ಎಷ್ಟು ವಾಕ್ಯ ಹುಟ್ಟಿಸಿದೆ?"

"ಇಪ್ಪತ್ತು ಹುಟ್ಟಿತ್ತು. ಅಡ್ಡಿಯಮ್ಮನವರ ಕೈಲಿ ಬದುಕಿದ್ದು ಆರು."

"ಅಯ್ಯೋ ಪಾಪ!" ಅವಳು ನನ್ನ ಕಡೆ ತಿರುಗಿ ಕೈ ಬೀಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಒಳಗೆ ಮೈಯೆಲ್ಲ ಉರಿ.

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಮಧ್ಯಾಹ್ನ ಟೀ ಹೊತ್ತಿಗೆ ಅವರು ಏನೋ ಕಾಗದ ಹಿಡಿದು ಸ್ಟುಡಿಯೋ ಒಳಗೆ ಹೋಗುತ್ತಿದ್ದರು. ಗಾಜಿನಾಚೆ ಅವಳು ಓದುತ್ತಿದ್ದಳು, ಅವರು ಕೈ ಕಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಇಬ್ಬರೂ ನಗು. ಗಾಜು ದಪ್ಪ, ಒಂದು ಅಕ್ಷರವೂ ಈಚೆ ಬರುತ್ತಿರಲಿಲ್ಲ. ಅವರು ಕಣ್ಣು ಮುಚ್ಚುವುದು ಮಾತ್ರ ಕಾಣುತ್ತಿತ್ತು. ನನ್ನ ಚೀಟಿ ಓದುವಾಗ ಅವರು ಕಣ್ಣು ಮುಚ್ಚಿದ್ದಿಲ್ಲ. ಓದುವಾಗ ಯಾರು ತಾನೆ ಮುಚ್ಚುತ್ತಾರೆ ಎಂದು ನನಗೇ ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ಆಕೆಗೆ ದನಿ ಇದೆ. ನನಗೆ ಪಿನ್ನು ಇದೆ.

ಒಂದು ಸೋಮವಾರ ಅವರ ಟ್ರೇ ನನ್ನ ಮೇಜಿಗೆ ಬಂತು. ಅವರ ಕಾಗದಗಳೆಲ್ಲ ಮೊದಲು ನನ್ನಲ್ಲಿಗೆ. ಕಾರ್ಡುಗಳನ್ನು ನಾನಿಟ್ಟುಕೊಂಡು ಮಿಕ್ಕದ್ದನ್ನು ದೊಡ್ಡ ಸರ್ ಕೋಣೆಗೆ ಕಳಿಸಬೇಕು. ಅವತ್ತು ಮೇಲೆ ಹಿಂಡರ್ ಕಾರ್ಡು. ಅದರಡಿ ಮಡಿಸಿದ ಒಂದು ಪತ್ರ, ದೊಡ್ಡ ಸರ್‌ಗೆ. ಮಡಿಕೆ ಅರ್ಧ ಬಿಚ್ಚಿತ್ತು.

'ಮಾನ್ಯರೇ, ದಯವಿಟ್ಟು ನನ್ನ ಕಾರ್ಡುಗಳ ಕೆಲಸದಿಂದ ಈಗಿನ ಆಕ್ಷೇಪಕಿಯನ್ನು ಬಿಡಿಸಿ, ಬೇರೆ ಯಾರಿಗಾದರೂ ವಹಿಸಬೇಕೆಂದು ಕೋರುತ್ತೇನೆ.'

ಮೊದಲ ಸಾಲಿಗೇ ಕಣ್ಣು ಮಂಜಾಯಿತು. ಬೇರೆಯವರ ಪತ್ರ ಓದುವುದು ತಪ್ಪು ಎಂಬ ಬುದ್ಧಿಯೂ ಸರಿಯಾಗಿ ಆಗಲೇ ಬಂತು. ಮಡಿಸಿಬಿಟ್ಟೆ.

ಬಿಡಿಸಬೇಕಂತೆ. ನನ್ನನ್ನು. ಹೊಸಬಳು ಬಂದ ಮೇಲೆ ಹಳೆಯ ಪಿನ್ನು ಚುಚ್ಚುತ್ತದೆ.

ಪತ್ರ ದೊಡ್ಡ ಸರ್ ಕೋಣೆಗೆ ಹೋಗಲಿಲ್ಲ. ಹಿಂಡರ್ ಡಬ್ಬಿಯ ತಳಕ್ಕೆ ಹೋಯಿತು, ಅದರ ಮೇಲೆ ಹಳೆಯ ಕಾರ್ಡುಗಳ ಕಟ್ಟು. ಅಷ್ಟೂ ಮಾಡಿದ್ದು ನನ್ನ ಕೈಯೇ. ಚಿಕ್ಕಂದಿನಲ್ಲಿ ಪಕ್ಕದ ಬೆಂಚಿನವಳ ರಬ್ಬರನ್ನೂ ಕೇಳದೆ ಮುಟ್ಟಿದವಳಲ್ಲ ನಾನು. ಹೀಗೆ ಪತ್ರ ತಡೆದರೆ ಅವರ ಕಾರ್ಡುಗಳು ಇನ್ನಷ್ಟು ದಿನ ನನ್ನಲ್ಲಿಗೇ ಬರುತ್ತವೆ. ನನಗೆ ಬೇಕಾಗಿದ್ದು ಅಷ್ಟೇ. ಇನ್ನಷ್ಟು ದಿನ.

ಹಿಂಡರ್ ಕಾರ್ಡಿನಲ್ಲಿ ಅವರು ಬರೆದಿದ್ದರು: ಎದುರುಗಾಳಿ ಅವನ ನಡಿಗೆಗೆ ಅಡ್ಡಿಯಾಯಿತು, ಆದರೂ ಅವನು ತಲುಪಿದ.

ಒಳ್ಳೆಯ ವಾಕ್ಯ. ಬೇರೆ ದಿನವಾಗಿದ್ದರೆ ಹಸಿರು ಶಾಯಿ ತೆಗೆಯುತ್ತಿದ್ದೆ. ಅವತ್ತು ಪಿನ್ನು ತೆಗೆದೆ.

'ಅಡ್ಡಿಯಾದ ಮೇಲೆ ತಲುಪಿದ್ದು ಹೇಗೆ? ವಾಕ್ಯದಲ್ಲಿ ವಿರೋಧವಿದೆ.'

ಅವರ ಉತ್ತರ: 'ವಿರೋಧವಿಲ್ಲ. ದಾರಿಗೆ ಮರ ಬಿದ್ದರೆ ಬ್ಲಾಕ್. ಹೋಗದಂತೆ ಮಾಡಿದರೆ ಪ್ರಿವೆಂಟ್. ಅಲ್ಲಿಗೆ ಮುಗಿಯಿತು. ಹಿಂಡರ್‌ನಲ್ಲಿ ಮುಗಿಯುವುದಿಲ್ಲ. ಕಷ್ಟವಾಗುತ್ತದೆ, ನಿಧಾನವಾಗುತ್ತದೆ, ಆದರೆ ಹೋಗುವವನು ಹೋಗುತ್ತಲೇ ಇರುತ್ತಾನೆ. ಆ ವ್ಯತ್ಯಾಸ ಓದುವವರಿಗೆ ಗೊತ್ತಾಗಲೆಂದೇ ತಲುಪಿಸಿದ್ದೇನೆ.'

ಸರಿಯಾದ ಉತ್ತರ. ಮತ್ತೆ ಚುಚ್ಚಿದೆ: 'ಗಾಳಿ ಬೇಡ. ಮನುಷ್ಯರು ಮನುಷ್ಯರಿಗೆ ಅಡ್ಡಿಯಾಗುವ ವಾಕ್ಯ ಬೇಕು.'

ಬುಧವಾರ ಬಂತು: ನೆರೆಯವನ ರೇಡಿಯೋ ಅವಳ ಓದಿಗೆ ಅಡ್ಡಿಯಾಯಿತು.

'ರೇಡಿಯೋ ಮನುಷ್ಯನಲ್ಲ.'

ಶುಕ್ರವಾರ: ಅವಳ ಮೌನ ಅವನ ಕೆಲಸಕ್ಕೆ ಅಡ್ಡಿಯಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಆ ವಾಕ್ಯವನ್ನು ಏಳು ಸಲ ಓದಿದೆ. ಇದು ದೂರು. ನೇರ ನನ್ನ ಮೇಲಿನ ದೂರು. 'ಮೌನ ಯಾರ ಕೆಲಸವನ್ನೂ ಕೆಡಿಸುವುದಿಲ್ಲ, ಗದ್ದಲ ಕೆಡಿಸುತ್ತದೆ' ಎಂದು ಬರೆದು, ಪಿನ್ನು ಹೆಬ್ಬೆರಳಿಗೇ ಚುಚ್ಚಿಕೊಂಡೆ. ಗುಲಾಬಿ ಚೀಟಿಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಬೇರೆ ಚೀಟಿ ಬರೆಯಲಿಲ್ಲ. ಹಾಗೇ ಹೋಗಲಿ ಅಂದುಕೊಂಡೆ.

ಹತ್ತು ನಿಮಿಷಕ್ಕೆ ನನ್ನ ಟ್ರೇಯಲ್ಲಿ ಒಂದು ಪ್ಲಾಸ್ಟರ್ ಪಟ್ಟಿ ಬಂದು ಬಿದ್ದಿತ್ತು. ಚೀಟಿಯಿಲ್ಲ, ಮಾತಿಲ್ಲ. ತಲೆಯೆತ್ತಿದರೆ ವಾಪಸು ಹೋಗುತ್ತಿದ್ದ ಅವರ ಬೆನ್ನು. ಮೇಜಿನ ಮೇಲೆ ಎಂಟು ಬಳೆ. ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡೆ, ಆದರೆ ನಂಬಲಿಲ್ಲ. ಬಿಡಿಸಿ ಕಳಿಸುವ ಮುಂಚೆ ಮರ್ಯಾದೆಗೆ ಕೊಟ್ಟಿದ್ದು ಅಂದುಕೊಂಡೆ.

ಆ ದಿನಗಳಲ್ಲಿ ಅವರೂ ಸರಿಯಿರಲಿಲ್ಲ. ದೊಡ್ಡ ಸರ್ ಕೋಣೆಯ ಬಾಗಿಲು ಸದ್ದಾದರೆ ತಲೆಯೆತ್ತುತ್ತಿದ್ದರು. ಪತ್ರಕ್ಕೆ ಉತ್ತರ ಕಾಯುತ್ತಿದ್ದಾರೆ ಎಂದು ನನಗೊಬ್ಬಳಿಗೇ ಗೊತ್ತು. ಅಷ್ಟು ಆತುರವೇ ನನ್ನನ್ನು ಕಳೆದುಕೊಳ್ಳಲು? ಇನ್ನೊಂದು ಪಿನ್ನು ಚುಚ್ಚುತ್ತಿದ್ದೆ.

ಮನೆಯಲ್ಲಿ ಅಕ್ಕ ಕಂಡುಹಿಡಿದಳು. ನಾನು ಇರುವುದು ಅಕ್ಕ ಭಾವನ ಮನೆಯಲ್ಲೇ. ಅವಳು ಬಟ್ಟೆ ಮಡಿಸುತ್ತಿದ್ದಳು, ನಾನು ಅದೇ ಟವೆಲನ್ನು ಮೂರನೇ ಸಲ ಮಡಿಸುತ್ತಿದ್ದೆ.

"ಯಾರೇ ಅವಳು?"

"ಯಾರು?"

"ನೀನು ಟವೆಲ್ ಕತ್ತು ಹಿಸುಕ್ತಾ ಇದೀಯಲ್ಲ, ಆ ಟವೆಲ್ಲು ಯಾರು ಅಂತ."

"ಯಾರೂ ಇಲ್ಲಕ್ಕ. ಆಫೀಸಲ್ಲಿ ಒಂದು ಪದ ಬಗೆಹರೀತಾ ಇಲ್ಲ."

"ಪದಕ್ಕೆ ಇಷ್ಟೊಂದು ಹೊಟ್ಟೆಕಿಚ್ಚಾ?" ಅಕ್ಕ ಟವೆಲ್ ಕಿತ್ತುಕೊಂಡಳು. "ನೋಡೇ, ಬಾಯಿ ಇರೋದು ಬರೀ ಊಟಕ್ಕಲ್ಲ. ಅವನನ್ನ ಕೇಳು. ಇಲ್ಲಾಂದ್ರೆ ಅವಳನ್ನಾದ್ರೂ ಕೇಳು."

ಹಾಲಿನಿಂದ ಭಾವ, "ಕೇಳೋದು ಯಾಕೆ, ಚೀಟಿ ಬರೆದು ಪಿನ್ನು ಚುಚ್ಚಲಿ ಬಿಡು," ಅಂದರು. ಭಾವನ ಕಡೆ ಟವೆಲ್ ಹಾರಿತು. ಎಸೆದದ್ದು ನಾನೇ.

ನಾನು ಕೇಳಲಿಲ್ಲ. ಹನ್ನೊಂದನೇ ದಿನ ಅವಳೇ ಬಂದಳು.

ಗಿಲಕಿ ನನ್ನ ಮೇಜಿನ ಅಂಚಿಗೆ ಕೂತು ಕಾಲು ತೂಗಾಡಿಸಿದಳು. ಬಳೆಗಳು ಇನ್ನೂ ಕೈಯಲ್ಲೇ ಇದ್ದವು.

"ಹಿಂಡರ್ ಎಲ್ಲಮ್ಮಾ? ಅದೊಂದು ಓದಿದ್ರೆ ಈ ಅಕ್ಷರ ಮುಗೀತು. ನಾಳೆ ಅಚ್ಚಿಗೆ ಹೋಗ್ಬೇಕಂತೆ, ಸಾರಿನ ಥರ ಕುದೀತಾ ಇದಾರೆ ನಿಮ್ಮ ದೊಡ್ಡ ಸರ್."

"ಆಕ್ಷೇಪ ಇದೆ," ಅಂದೆ.

ಅವಳು ಕಣ್ಣರಳಿಸಿದಳು. "ಅಯ್ಯೋ! ನಿನ್ನ ದನಿ ಹೀಗಿದೆಯಾ? ನಾನು ತಪ್ಪಾಗಿ ಓದ್ತಾ ಇದ್ದೆ ಹಂಗಾದ್ರೆ. ಸ್ವಲ್ಪ ಜೋರು ಮಾಡ್ತಿದ್ದೆ ನಾನು."

"ಏನನ್ನ ಓದ್ತಿದ್ರಿ?"

"ನಿನ್ನ ಚೀಟಿಗಳನ್ನ ಕಣೇ! ದಿನಾ ಟೀ ಟೈಮಲ್ಲಿ ತಂದು ಕೊಡ್ತಾನಲ್ಲ ಉದಾಹರಣೆ. 'ಅವರು ಮಾತಾಡಲ್ಲ, ಇದನ್ನ ಯಾರಾದ್ರೂ ಮಾತಲ್ಲಿ ಹೇಳಿದ್ರೆ ಹೇಗಿರುತ್ತೆ, ಓದು' ಅಂತ. ಕಣ್ಣು ಮುಚ್ಕೊಂಡು ಕೇಳ್ತಾನೆ. 'ಅಷ್ಟು ಜೋರಿರಲ್ಲ ಅನ್ಸುತ್ತೆ, ಇನ್ನೊಂದ್ಸಲ' ಅಂತಾನೆ. ರೇಡಿಯೋ ಮನುಷ್ಯನಲ್ಲ ಅಂತ ಬರೆದಿದ್ಯಲ್ಲ, ಅದಕ್ಕೆ ಬಿದ್ದು ಬಿದ್ದು ನಕ್ಕಿದೀವಿ. ನಂಗೆ ಎರಡು ಕೆಲಸ ಆಗಿದೆ ನೋಡು, ಒಂದಕ್ಕೆ ಸಂಬಳ ಇಲ್ಲ."

ಗಾಜಿನಾಚೆ ಕಂಡದ್ದೆಲ್ಲ ತಲೆಯಲ್ಲಿ ತಿರುಗುಮುರುಗಾಯಿತು. ಅವರು ಕಣ್ಣು ಮುಚ್ಚಿದ್ದು ನನ್ನ ಮಾತಿಗೆ. ಖುಷಿಯಾಗಬೇಕಿತ್ತು. ಆಯಿತು ಕೂಡ, ಒಂದು ಕ್ಷಣ. ಮರುಕ್ಷಣ ಹೊಸ ಉರಿ: ನನ್ನ ಮಾತನ್ನು ಅವರ ಕಿವಿಗೆ ಮೊದಲು ಹಾಕಿದವಳು ಇವಳು. ನನ್ನ ಹೊಟ್ಟೆಕಿಚ್ಚಿಗೆ ನನ್ನ ಚೀಟಿಗಳೂ ಸಾಕಾಗಲಿಲ್ಲ ನೋಡಿ.

"ಬಳೆ ಯಾಕೆ ಅವರ ಮೇಜಿನ ಮೇಲಿಡ್ತೀರಿ?" ಕೇಳಿಯೇಬಿಟ್ಟೆ. ಹದಿನಾಲ್ಕು ತಿಂಗಳ ಅತಿ ದೊಡ್ಡ ಪ್ರಶ್ನೆ.

"ಇನ್ನೆಲ್ಲಿಡಲಿ? ಉಳಿದ ಮೇಜೆಲ್ಲ ಪಿನ್ನು, ಶಾಯಿ. ನಿನ್ನದಂತೂ ಮುಳ್ಳುಹಂದಿ ಇದ್ದಂಗಿದೆ." ಆಮೇಲೆ ನನ್ನ ಮುಖ ನೋಡಿದಳು. ತೂಗುತ್ತಿದ್ದ ಕಾಲು ನಿಂತಿತು. "ಓಹೋ. ಓಹೋಹೋ! ಇದಾ ವಿಷಯ?"

ಅವಳು ಬಳೆಗಳನ್ನು ಒಂದೊಂದಾಗಿ ಕಳಚಿ, ನನ್ನ ಗುಂಡುಪಿನ್ನಿನ ಡಬ್ಬಿ ಸರಿಸಿ, ನನ್ನ ಮೇಜಿನ ಮೇಲೇ ಇಟ್ಟಳು. "ಇವತ್ತಿಂದ ಇಲ್ಲಿ. ಎಂಟಿದೆ, ಎಣಿಸ್ಕೊ."

ಎಣಿಸುವ ಅಗತ್ಯವಿರಲಿಲ್ಲ.

ಅವಳು ಹೋದ ಮೇಲೆ ಹಿಂಡರ್ ಡಬ್ಬಿ ನೋಡುತ್ತ ಕೂತೆ. ಅವಳಿಗಾಗಿ ಅಲ್ಲ ಅಂದ ಮೇಲೆ ನನ್ನನ್ನು ಬಿಡಿಸುವುದು ಯಾಕೆ? ನನ್ನ ಆಕ್ಷೇಪಗಳೇ ಸಾಕಾಗಿರಬೇಕು. ಮನುಷ್ಯ ನಗುನಗುತ್ತಲೇ ಬೇಸತ್ತಿರಬಹುದು. ಹೌದಾದರೆ ಹೌದು. ಅದನ್ನು ಡಬ್ಬಿಯಲ್ಲಿ ಹೂತಿಡಲು ನಾನು ಯಾರು? ಅವರ ಪತ್ರ, ಅವರ ಇಷ್ಟ. ನಾನು ಮಾಡಿದ್ದು ಕಳ್ಳತನ. ಡಬ್ಬಿಯ ತಳದಿಂದ ಪತ್ರ ತೆಗೆದು ಎದ್ದೆ. ಈ ಪತ್ರ ಕೊಟ್ಟರೆ ನಾಳೆಯಿಂದ ಹಳದಿ ಕಾರ್ಡುಗಳು ನನ್ನ ಮೇಜಿಗೆ ಬರುವುದಿಲ್ಲ. ಆದರೂ ನಡೆದೆ.

ದೊಡ್ಡ ಸರ್ ಕೋಣೆಯಲ್ಲಿ ಪ್ರೂಫ್ ಅಮ್ಮನೂ ಇದ್ದರು, ಎರಡು ಕನ್ನಡಕ ಹಾಕಿಕೊಂಡು.

"ಇದು... ನಿಮಗೆ ಬಂದಿತ್ತು. ನಾನು ಹನ್ನೊಂದು ದಿನ ಕೊಡಲಿಲ್ಲ. ಬೇಕಂತಲೇ ಕೊಡಲಿಲ್ಲ. ತಪ್ಪು ನಂದು, ಸರ್."

ಅಷ್ಟು ಉದ್ದ ಮಾತು ನನ್ನಿಂದ ಕೇಳಿ ಅವರಿಗೆ ಪತ್ರಕ್ಕಿಂತ ಅದೇ ಆಶ್ಚರ್ಯ. ಓದಿದರು. ಹುಬ್ಬು ಮೇಲೇರಿತು. ಹೆಂಡತಿಗೆ ಚಾಚಿದರು. "ನೋಡೇ ಇಲ್ಲಿ. ಮೂವತ್ತೆಂಟು ವರ್ಷ ಆದ್ಮೇಲೆ ಇನ್ನೊಂದು ಬಂತು."

ಅಮ್ಮ ಓದಿ ನನ್ನ ಕಡೆ ನೋಡಿದರು. "ಪೂರ್ತಿ ಓದಿದೀಯೇನಮ್ಮ ಇದನ್ನ?"

"ಇಲ್ಲ. ಮೊದಲ ಸಾಲು."

"ಅಡ್ಡಿಯಮ್ಮ ಅಂತೆ! ಅಲ್ಪವಿರಾಮ ಬಿಟ್ರೆ ಮೂರು ಚೀಟಿ ಬರೀತಾಳೆ, ಬೇಕಾದ ಪತ್ರ ಒಂದು ಸಾಲು ಓದ್ತಾಳೆ. ತಗೋ, ಓದು."

ಎರಡನೇ ಸಾಲಿನಿಂದ ಓದಿದೆ.

'ಕಾರಣ: ಆರನೇ ನಿಯಮ. ಅದು ಇವತ್ತಿಗೆ ನಮಗೆ ಅನ್ವಯಿಸುವುದಿಲ್ಲ. ಅನ್ವಯಿಸುವಂತೆ ಆಗಲಿ ಎಂದು ಅವರನ್ನು ಕೇಳಬೇಕೆಂದಿದ್ದೇನೆ. ನನ್ನ ವಾಕ್ಯಗಳಿಗೆ ಅವರು ತೀರ್ಪು ಕೊಡುತ್ತಿರುವಾಗ ಕೇಳುವುದು ಸರಿಯಲ್ಲ. ಅವರು ಒಲ್ಲೆ ಎಂದರೆ ದಿನಾ ನನ್ನ ಕಾರ್ಡು ನೋಡುವ ಕಷ್ಟ ಅವರಿಗೆ ಬೇಡ. ಆದ್ದರಿಂದ ಮೊದಲು ಬಿಡಿಸಿ. ತಮ್ಮ ಅಪ್ಪಣೆ ಬಂದ ದಿನವೇ ಕೇಳುತ್ತೇನೆ.'

ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡವು. ನನ್ನನ್ನು ಕೇಳಲು ಬರುತ್ತಿದ್ದ ಮನುಷ್ಯನ ದಾರಿಗೆ ಹನ್ನೊಂದು ದಿನ ಕಲ್ಲು ಹಾಕಿದವಳು ಬೇರೆ ಯಾರೂ ಅಲ್ಲ.

"ಇವರೂ ಆಗಿನ ಸಂಪಾದಕರಿಗೆ ಹೀಗೇ ಬರೆದಿದ್ರು," ಅಮ್ಮ ಗಂಡನ ಕಡೆ ಗದ್ದ ಎತ್ತಿ ತೋರಿಸಿದರು. "ನನ್ನ ಕೈಯಿಂದ ಪುಟ ಕಿತ್ತುಕೊಂಡ್ರು ಅಂತ ಎರಡು ದಿನ ಅತ್ತಿದ್ದೆ. ಪುಣ್ಯಕ್ಕೆ ನಾನು ಪತ್ರ ಬಚ್ಚಿಡಲಿಲ್ಲ."

ದೊಡ್ಡ ಸರ್ ಪತ್ರದ ಮೂಲೆಯಲ್ಲಿ 'ಒಪ್ಪಿಗೆ' ಎಂದು ಗೀಚಿ ನನಗೇ ವಾಪಸು ಕೊಟ್ಟರು. "ನೀನೇ ತಲುಪಿಸು. ಇನ್ನೂ ಹನ್ನೊಂದು ದಿನ ತಗೋಬೇಡ. ಹಾಂ, ಹಿಂಡರ್ ಸಂಜೆಯೊಳಗೆ ನನ್ನ ಮೇಜಿನ ಮೇಲಿರಬೇಕು. ಅಲ್ಲಿ ತನಕ ಅವನ ಆಕ್ಷೇಪಕಿ ನೀನೇ."

ಹನ್ನೆರಡು ಹೆಜ್ಜೆ.

ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು. ಮುಚ್ಚಳ ಎಡಗಿವಿಯ ಹಿಂದೆ. ನಾನು ಪಕ್ಕದಲ್ಲಿ ನಿಂತರೂ ಗೊತ್ತಾಗಲಿಲ್ಲ, ಯಾರೂ ನಿರೀಕ್ಷಿಸದ ಜಾಗದಲ್ಲಿ ನಾನಿದ್ದೆ.

"ರೀ," ಅಂದೆ.

ಪೆನ್ನು ಕೈಜಾರಿ ಬಿತ್ತು.

ಪತ್ರವನ್ನು ಅವರ ಮುಂದಿಟ್ಟೆ. "ನಿಮ್ಮ ಪತ್ರ ದೊಡ್ಡ ಸರ್‌ಗೆ ಈಗ ತಲುಪಿತು. ಇಷ್ಟು ದಿನ ನಾನು ಬಚ್ಚಿಟ್ಟಿದ್ದೆ."

ಅವರು ನನ್ನನ್ನೇ ನೋಡಿದರು. ಮುಖದ ಬಣ್ಣ ಸ್ವಲ್ಪ ಇಳಿಯಿತು. "ಓದಿದ್ರಾ? ಓದಿ... ಬೇಡ ಅನ್ನಿಸಿ ಬಚ್ಚಿಟ್ರಾ?"

"ಒಂದು ಸಾಲು ಓದಿ ಬಚ್ಚಿಟ್ಟೆ. ನಿಮ್ಮ ಕಾರ್ಡು ಬೇರೆಯವರ ಮೇಜಿಗೆ ಹೋಗೋದು ನನ್ನ ಕೈಲಿ ನೋಡಕ್ಕಾಗ್ತಿರಲಿಲ್ಲ. ಆ ಬಳೆಗಳನ್ನೂ ನೋಡಕ್ಕಾಗ್ತಿರಲಿಲ್ಲ."

"ಯಾವ ಬಳೆ?"

ಆ ಪ್ರಶ್ನೆ ನಾಟಕವಲ್ಲ ಎಂದು ನಾನು ಆಣೆ ಇಡಬಲ್ಲೆ. ತಿಂಗಳಿಂದ ಕಣ್ಣೆದುರಿಗಿದ್ದ ಎಂಟು ಬಳೆ ಆ ಮನುಷ್ಯನಿಗೆ ಕಂಡೇ ಇರಲಿಲ್ಲ. ಪೆನ್ನಿನ ಸ್ಟ್ಯಾಂಡ್ ಸರಿಸಿದ್ದು ಯಾಕೆ ಎಂದು ಕೇಳಿದೆ. ಅವರು ಮೇಜು, ಸ್ಟ್ಯಾಂಡು, ನನ್ನ ಮೇಜು ಮೂರನ್ನೂ ನೋಡಿ ಕಿವಿ ಕೆಂಪು ಮಾಡಿಕೊಂಡರು.

"ಅದು... ಇಲ್ಲಿದ್ರೆ ನೀವು ಕಾಣಲ್ಲ. ಅಡ್ಡ ಬರುತ್ತೆ."

ಅವರು ಸ್ಟ್ಯಾಂಡನ್ನು ಇನ್ನೂ ಒಂದಿಷ್ಟು ಪಕ್ಕಕ್ಕೆ ತಳ್ಳಿದರು.

"ಹನ್ನೊಂದು ದಿನ ನಾನು ಹೇಗಿದ್ದೆ ಗೊತ್ತಾ?" ಅಂದರು. "ದೊಡ್ಡ ಸರ್ 'ಊಟ ಆಯ್ತೇನಯ್ಯ' ಅಂದ್ರೂ ಅದರಲ್ಲಿ ಏನೋ ಅರ್ಥ ಇದೆ ಅಂದ್ಕೊಳ್ತಿದ್ದೆ. ಇತ್ತ ನಿಮ್ಮ ಚೀಟಿ ನೋಡಿದ್ರೆ ಒಂದಕ್ಕಿಂತ ಒಂದು ಖಾರ. ಇವರಿಗೆ ನನ್ನ ಮೇಲೆ ಸಿಟ್ಟು, ಕೇಳೋದೇ ಬೇಡ ಅಂತ ಎರಡು ಸಲ ಅನ್ನಿಸಿತು."

"ಆಮೇಲೆ?"

"ಆಮೇಲೆ ಆ ರಕ್ತದ ಚುಕ್ಕೆ ಬಂತು. ಚೀಟಿ ಬದಲಾಯಿಸದೆ ಕಳಿಸಿದ್ರಲ್ಲ. ಬರೀ ಸಿಟ್ಟಿದ್ದಿದ್ರೆ ಹೊಸದು ಬರೀತಿದ್ರಿ ನೀವು."

ಅವರು ಹಿಂಡರ್ ಕಾರ್ಡು ಎಳೆದುಕೊಂಡರು. ಹಳೆಯ ವಾಕ್ಯಗಳನ್ನೆಲ್ಲ ಹೊಡೆದು ಹಾಕಿ, ಅಡಿಯಲ್ಲಿ ಬರೆದು ನನ್ನ ಮುಂದೆ ಹಿಡಿದರು: ಅವಳು ಹನ್ನೊಂದು ದಿನ ಅಡ್ಡಿಯಾದಳು, ಆದರೂ ಅವನು ಕೇಳಿದ.

ಅಭ್ಯಾಸಬಲ, ಕೈ ಪಿನ್ನಿಗೆ ಹೋಯಿತು. ಪಿನ್ನು ಇರಲಿಲ್ಲ. ಬಾಯಿಯಿತ್ತು.

"ಆಕ್ಷೇಪ ಇದೆ."

"ಏನು?"

"ಕೇಳಿದ ಅಂತ ಬರೆದಿದೀರಿ. ಇನ್ನೂ ಕೇಳಿಲ್ಲವಲ್ಲ? ಯಾರೂ ಆಡದ ಮಾತನ್ನು ಬರೆಯಬಾರದು. ಒಂದನೇ ನಿಯಮ."

ಅವರು ಕುರ್ಚಿಯಿಂದ ಎದ್ದರು. ಅವರು ಕಿವಿಯ ಹಿಂದಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು, ಅದೊಂದು ದೊಡ್ಡ ಕೆಲಸವೆಂಬಂತೆ. ಆಮೇಲೆ ಕೇಳಿದರು. ಏನು ಕೇಳಿದರು ಎಂಬುದು ಡೈರಿಯಲ್ಲಿದೆ. ಇಲ್ಲಿ ಬರೆಯುವುದಿಲ್ಲ. ಬಹಳ ಸಾಧಾರಣ ಮಾತು, ಎಲ್ಲರೂ ಆಡುವಂಥದ್ದು. ಒಂದು ಪಿನ್ನೂ ಚುಚ್ಚಲು ಜಾಗವಿರಲಿಲ್ಲ.

"ಅಡ್ಡಿಯಿಲ್ಲ," ಅಂದೆ. ಹಸಿರು ಶಾಯಿಯಲ್ಲದೆ ಬಾಯಿಯಿಂದ ಆ ಪದ ಹೇಳಿದ್ದು ಅದೇ ಮೊದಲು.

ಅವರು ಕಣ್ಣು ಮುಚ್ಚಿದರು. "ಇನ್ನೊಂದ್ಸಲ."

ಹೇಳಿದೆ.

ಸ್ಟುಡಿಯೋ ಗಾಜಿಗೆ ಮೂಗೊತ್ತಿ ನಿಂತಿದ್ದ ಗಿಲಕಿ ಎರಡೂ ಕೈ ಎತ್ತಿ ಕುಣಿದಳು. ಬಳೆ ನನ್ನ ಮೇಜಿನ ಮೇಲಿದ್ದುದರಿಂದ ಸದ್ದಾಗಲಿಲ್ಲ.

ಹಿಂಡರ್ ಆ ಸಂಜೆಯೇ ದೊಡ್ಡ ಸರ್ ಮೇಜಿಗೆ ಹೋಯಿತು. ಹನ್ನೊಂದು ದಿನದ ವಾಕ್ಯವನ್ನು ಹೊಡೆದು ಹಾಕಿ ಸರ್ ಎದುರುಗಾಳಿಯನ್ನೇ ವಾಪಸು ತಂದರು. "ಇದೇ ಒಳ್ಳೇದಿತ್ತಲ್ಲ, ಯಾರು ಬೇಡ ಅಂದಿದ್ದು?" ಎಂದು ಕೇಳಿದರು. ನಾನು ಹತ್ತಿರದ ಡಬ್ಬಿಯೊಳಗೆ ಮುಖ ಹಾಕಿದೆ.

ಈಗ ಉದಾಹರಣೆಯವರ ಕಾರ್ಡುಗಳು ಪ್ರೂಫ್ ಅಮ್ಮನ ಮೇಜಿಗೆ ಹೋಗುತ್ತವೆ. ನನಗೆ ಬೇರೆಯವರ ಕಾರ್ಡುಗಳು ಬರುತ್ತವೆ. ತಪ್ಪುಗಳು ಬೇಕಾದಷ್ಟಿವೆ, ಹುಡುಕುತ್ತೇನೆ, ರುಚಿಯಿಲ್ಲ.

ನಿನ್ನೆ ಮಧ್ಯಾಹ್ನ ಅಮ್ಮ ಅವರ ಒಂದು ಕಾರ್ಡು ಓದಿ, ಎರಡೂ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಲೆಯೆತ್ತಿ ನೋಡಿದೆ. ಏನು ಬರೆದಿದ್ದರೋ. ಅರವತ್ತು ದಾಟಿದ ಹೆಂಗಸಿನ ಮೇಲೆ ಹೊಟ್ಟೆ ಉರಿದು ಬೂದಿಯಾಯಿತು. ಎದ್ದು ಹೋಗಿ ಇಣುಕಬೇಕೆನಿಸಿತು.

ಅಮ್ಮ ಕಾರ್ಡನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ಬೆರಳು ತೋರಿಸಿದರು. "ಆರನೇ ನಿಯಮ ಕಣಮ್ಮ. ಸುಮ್ಮನೆ ಕೂತ್ಕೋ."